ಸಾಲ ಬಿಡುವ ಮಾತು

ಕ್ರೈಸ್ತರ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಹೇಳುವ ಪ್ರಾರ್ಥನೆಯೊಂದಿದೆ. ಯೇಸು ತಾನೇ ಶಿಷ್ಯರಿಗೆ ಕಲಿಸಿಕೊಟ್ಟದ್ದು. ನಾವು ಅದನ್ನು ‘ಕರ್ತನ ಪ್ರಾರ್ಥನೆ’ ಎನ್ನುತ್ತೇವೆ. ನಿಮ್ಮ ಓಣಿಯಲ್ಲಿ ಕ್ರೈಸ್ತರ ಮನೆಯಿದ್ದರೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮಕ್ಕಳು ಅದನ್ನು ಮಗ್ಗಿ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಒಪ್ಪಿಸುವುದನ್ನು ನೀವು ಕೇಳಿರಬಹುದು. ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಅದರಲ್ಲಿ ಅನ್ನ ಬೇಡುವ ಒಂದು ಮಾತಿದೆ, ಅದರ ಬೆನ್ನಿಗೇ ಕ್ಷಮೆ ಬೇಡುವ ಮಾತು. ಅನ್ನಕ್ಕೆ ಯಾವ ಕರಾರೂ ಇಲ್ಲ. ಕ್ಷಮೆಗೆ ಮಾತ್ರ ಇದೆ. ನಾವು ಇನ್ನೊಬ್ಬರನ್ನು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂದು ನಾವೇ ದೇವರ ಮುಂದೆ ನಿಂತು ಕರಾರುಪತ್ರಕ್ಕೆ ಸಹಿ ಹಾಕಿಕೊಡುತ್ತೇವೆ, ಅದೂ ದಿನಾಲು.

ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಈ ಜಾಗದಲ್ಲಿ ಇರುವುದು ಪಾಪ ಎಂಬ ಶಬ್ದವಲ್ಲ, ಸಾಲ ಎಂಬ ಶಬ್ದ. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಮಾತಂತೆ. ಇದನ್ನು ನನಗೆ ಹೇಳಿದವರು ನಮ್ಮ ಸಭೆಗೆ ಹಿಂದೆ ಇದ್ದ ಒಬ್ಬ ವಯಸ್ಸಾದ ಪಾದ್ರಿಗಳು. ಕೇಳಿದ ದಿನ ನನಗೆ ಥಟ್ಟನೆ ಎಲ್ಲ ನಿಚ್ಚಳವಾದಂತೆನಿಸಿತು. ಪಾಪ ಎಂದರೆ ದೊಡ್ಡ ಮಾತು, ಪ್ರಸಂಗಪೀಠದ ಮಾತು. ಸಾಲವೆಂದರೆ ಹಾಗಲ್ಲ. ಖಡೇಬಜಾರಿನ ಬಟ್ಟೆಯಂಗಡಿಯ ಉದ್ರಿ ವಹಿ, ಓಣಿಯ ಹೆಂಗಸರ ಭಿಶಿ, ಮಗಳ ಮದುವೆಗೆಂದು ತಂದ ಕೈಗಡ, ಇವೆಲ್ಲ ನಮಗೆ ಗೊತ್ತು. ಸಾಲ ಕೊಟ್ಟವರು ಬರುತ್ತಿದ್ದರೆ ಇನ್ನೊಂದು ಗಲ್ಲಿ ಹಿಡಿದು ಹೋಗುವವರೂ ಗೊತ್ತು.

ನನ್ನ ಕೈಯಿಂದ ಹೋದದ್ದು ಎರಡು ಲಕ್ಷ ನಲವತ್ತು ಸಾವಿರ. 2009 ರಲ್ಲಿ.

ಅದಕ್ಕೂ ಮೊದಲು ನಮ್ಮ ಮನೆತನದ ಒಂದೆರಡು ಮಾತು. ಬೆಳಗಾವಿಯಲ್ಲಿ ಕನ್ನಡ ಕ್ರೈಸ್ತರೆಂದರೆ ‘ಇವರು ಎಲ್ಲಿಂದ ಬಂದರು’ ಎಂದು ಕೇಳುವವರು ಈಗಲೂ ಇದ್ದಾರೆ. ಬಂದದ್ದಲ್ಲ, ಇಲ್ಲೇ ಇದ್ದವರು. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದು ಕೆಲಸ ಶುರುಮಾಡಿದ್ದು 1820 ರಲ್ಲಿ. ಕನ್ನಡದಲ್ಲಿ ಇಡೀ ಬೈಬಲ್ ಅಚ್ಚಾದದ್ದು 1831 ರಲ್ಲಿ, ಬಳ್ಳಾರಿಯಲ್ಲಿ. ಮಿಷನ್ನಿನವರು ಬೆಳಗಾವಿಯಲ್ಲಿ ತೆಗೆದ ಶಾಲೆಯೇ ಇಂದಿನ ಬೆನನ್ ಸ್ಮಿತ್ ಹೈಸ್ಕೂಲು. 1904 ರಲ್ಲಿ ಲಂಡನ್ ಮಿಷನ್ನಿನವರು ಇಲ್ಲಿಯ ಕೆಲಸವನ್ನು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿ ಹೋದರು. ನನ್ನ ಮುತ್ತಜ್ಜಿ ಆ ಹಸ್ತಾಂತರದ ಕಾಲದವಳು. ‘ದೊರಿಗೋಳು ಬದಲಾದ್ರು, ದೇವ್ರು ಬದಲಾಗ್ಲಿಲ್ಲ’ ಎನ್ನುತ್ತಿದ್ದಳಂತೆ. ಅಪ್ಪನಿಗೆ ಖಾನಾಪುರದ ಹಂಚಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು, ನಾನು ಅಲ್ಲೇ ಬೆಳೆದೆ. ಬೆಳಗಾವಿಗೂ ಖಾನಾಪುರಕ್ಕೂ ಇಪ್ಪತ್ತಾರು ಕಿಲೋಮೀಟರು. ಆದರೆ ಮಳೆಯಲ್ಲಿ ಅವೆರಡು ಬೇರೆ ಬೇರೆ ದೇಶಗಳು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರಕ್ಕೆ ಬರುವ ಹೊತ್ತಿಗೆ ಆಷಾಢದಲ್ಲಿ ಕೆಂಪು ಹೊಳೆಯಾಗಿರುತ್ತಾಳೆ. ಮದುವೆಯಾಗಿ ಬೆಳಗಾವಿಯ ಕ್ಯಾಂಪಿಗೆ ಬಂದ ಮೇಲೂ ನಾನು ಮಳೆಯನ್ನು ಖಾನಾಪುರದ ಲೆಕ್ಕದಲ್ಲಿಯೇ ಅಳೆಯುವವಳು.

ರೊಕ್ಕ ಒಯ್ದವನು ಹೊರಗಿನವನಲ್ಲ, ನಮ್ಮ ಕಾಕಾನ ಮಗ. ನನಗಿಂತ ಹನ್ನೊಂದು ವರ್ಷ ಚಿಕ್ಕವನು, ಬಗಲಲ್ಲಿ ಎತ್ತಿ ಆಡಿಸಿದವನು. ಖಾನಾಪುರದ ಹತ್ತಿರ ಇಟ್ಟಂಗಿ ಭಟ್ಟಿ ಹಾಕುತ್ತೇನೆ, ಎರಡು ಹಂಗಾಮಿನಲ್ಲಿ ತಿರುಗಿಸಿ ಕೊಡುತ್ತೇನೆ ಎಂದ. ಮನೆಯವರ ನಿವೃತ್ತಿಯ ಹಣದಲ್ಲಿ ಒಂದಿಷ್ಟು, ನನ್ನ ಪಾಟಲಿ ಎರಡು, ಹೀಗೆ ಕೂಡಿ ಬಂತು ಆ ಮೊತ್ತ. ವಹಿಯ ಹಾಳೆ ಹರಿದು ತನ್ನ ಕೈಯಾರೆ ಬರೆದುಕೊಟ್ಟ: ಇಂಥ ದಿನ, ಇಷ್ಟು ರೊಕ್ಕ, ಅಕ್ಕನಿಂದ. 2011 ರಲ್ಲಿ ಮನೆಯವರ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ನಾನು ಫೋನು ಮಾಡಿದೆ. ಆತ ಕೇಳಿದ್ದು ಎರಡೇ ಶಬ್ದ.

‘ಯಾವ ರೊಕ್ಕ, ಅಕ್ಕಾ?’

ವಕೀಲರ ಹತ್ತಿರ ಹೋಗಲು ನನಗೆ ಪುರುಸೊತ್ತಾದದ್ದು 2012 ರ ಕೊನೆಗೆ. ಅವರು ಚೀಟಿ ನೋಡಿ, ಕೈಗಡದ ದಾವೆಗೆ ಕಾನೂನಿನಲ್ಲಿ ಮೂರು ವರ್ಷದ ಗಡುವು, ಅದು ದಾಟಿತು ಎಂದರು. ಫೀಸು ತೆಗೆದುಕೊಳ್ಳಲಿಲ್ಲ, ಚಹಾ ಕುಡಿಸಿ ಕಳಿಸಿದರು.

ಡಯಾಲಿಸಿಸ್ ಎಂದರೇನೆಂದು ಗೊತ್ತಿಲ್ಲದ ಮನೆಗಳು ಈಗ ಕಡಿಮೆ. ಆಗ ನಮಗೆ ಅದು ಹೊಸ ಶಬ್ದ. ತೋಳಿನಲ್ಲಿ ರಕ್ತನಾಳಗಳೆರಡನ್ನು ಕೂಡಿಸಿ ಹೊಲಿದಿರುತ್ತಾರೆ. ಅಲ್ಲಿ ಕೈಯಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಅದುರುತ್ತದೆ. ಅದಕ್ಕೆ ಎರಡು ದಪ್ಪ ಸೂಜಿ. ಒಂದರಿಂದ ರಕ್ತ ಹೊರಗೆ ಬಂದು, ಯಂತ್ರದಲ್ಲಿ ಸೋಸಿ, ಇನ್ನೊಂದರಿಂದ ಒಳಗೆ. ನಾಲ್ಕು ತಾಸು, ವಾರಕ್ಕೆ ಮೂರು ದಿನ. ನೀರು ಅಳೆದು ಕುಡಿಯಬೇಕು. ಬಾಳೆಹಣ್ಣು, ಎಳನೀರು ಕೂಡದು. ಜ್ವರ ಬಂದವರಿಗೆಲ್ಲ ನಾವು ಎಳನೀರು ಒಯ್ಯುವ ಜನ; ಅದೇ ಈ ರೋಗಿಗೆ ವಿಷವೆಂದು ಬಂಧುಗಳಿಗೆ ತಿಳಿಸಿ ಹೇಳುವುದರಲ್ಲಿ ನನಗೆ ಸಾಕುಸಾಕಾಯಿತು.

ಆ ಕೋಣೆಯ ಹೊರಗಿನ ಬಾಕಿನ ಮೇಲೆ ಮೂರು ವರ್ಷ ಕೂತೆ. ಪ್ರಾರ್ಥನೆಯ ಬಗೆಗೆ ನಾನು ಕಲಿತದ್ದೆಲ್ಲ ಅಲ್ಲಿಯೇ ಎಂದರೆ ನಮ್ಮ ಸಭೆಯವರು ಬೇಸರಿಸಬಾರದು. ನನ್ನ ಪಕ್ಕದಲ್ಲಿ ತಸ್ಬಿಯ ಮಣಿ ಎಣಿಸುವ ಒಬ್ಬ ಮುಸಲ್ಮಾನ ತಾಯಿ, ಅವರ ಆಚೆ ಕೊರಳಿನ ಇಷ್ಟಲಿಂಗವನ್ನು ಸೆರಗಿನೊಳಗೆ ಹಿಡಿದು ಕಣ್ಣುಮುಚ್ಚುವ ಒಬ್ಬ ಶರಣೆ. ಮೊದಮೊದಲು ನಾನು ದೊಡ್ಡದನ್ನೇ ಬೇಡಿದೆ. ಲಾಜರನನ್ನು ಎಬ್ಬಿಸಿದವನಿಗೆ ಎರಡು ಮೂತ್ರಪಿಂಡ ಯಾವ ಲೆಕ್ಕ? ವರ್ಷ ಕಳೆಯಿತು, ನನ್ನ ಬೇಡಿಕೆಗಳು ಸಣ್ಣವಾಗುತ್ತ ಬಂದವು. ಇಂದು ಸೂಜಿ ಒಂದೇ ಸಲಕ್ಕೆ ಕೂಡಲಿ. ಇಂದು ರಕ್ತದೊತ್ತಡ ಇಳಿಯದಿರಲಿ. ಇಂದು ರಾತ್ರಿ ಇವರಿಗೆ ಕಾಲು ಸೆಳೆತ ಬಾರದಿರಲಿ. ನಂಬಿಕೆ ಕುಗ್ಗಿ ಹೀಗಾಯಿತೆಂದು ನನಗೆ ಅನಿಸುವುದಿಲ್ಲ. ದೊಡ್ಡದನ್ನು ಬೇಡುವಾಗ ದೇವರು ದೂರದ ಕಚೇರಿಯ ಸಾಹೇಬನಾಗಿದ್ದ. ಸಣ್ಣದನ್ನು ಬೇಡತೊಡಗಿದ ಮೇಲೆ ಬಾಕಿನ ಮೇಲೆ ಸರಿದು ಜಾಗ ಮಾಡಿಕೊಂಡು ಕೂತ. ಸೂಜಿ ಕೆಲವು ದಿನ ಒಂದೇ ಸಲಕ್ಕೆ ಕೂಡುತ್ತಿತ್ತು, ಕೆಲವು ದಿನ ಇಲ್ಲ.

ನೋಡಲು ಬಂದವರ ಮಾತುಗಳೇ ಒಂದು ಪುಸ್ತಕವಾದೀತು. ರೋಗಿಯ ಮನೆಗೆ ಬಂದವರಿಗೆ ಸುಮ್ಮನೆ ಕೂಡ್ರಲು ಬರುವುದಿಲ್ಲ, ಕಾರಣ ಹೇಳಬೇಕು. ಯಾರದೋ ಪಾಪ, ಯಾವುದೋ ಶಾಪ, ದಶಮಭಾಗ ಸರಿಯಾಗಿ ಕೊಡದ್ದು. ಒಬ್ಬ ಹಿರಿಯರು ಮಂಚದ ಪಕ್ಕದಲ್ಲಿ ನಿಂತು, ‘ದೇವರು ತನಗ ಪ್ರೀತಿ ಇದ್ದವ್ರನ್ನs ಪರೀಕ್ಷಾ ಮಾಡ್ತಾನ’ ಎಂದರು. ಇವರು ನರಳುತ್ತಲೇ ಕಣ್ಣು ತೆರೆದು ಕೇಳಿದರು: ‘ಹಂಗಾರ ನಿಮ್ಮನ್ನ ಕಂಡ್ರ ಅವಗ ಆಗೂದಿಲ್ಲೇನ್ರಿ?’ ಯೋಬನ ಗ್ರಂಥ ಓದಿದವರಿಗೆ ನೆನಪಿರಬಹುದು. ಅವನ ಮೂವರು ಗೆಳೆಯರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಎಂಟನೆಯ ದಿನದಿಂದ ಮಾತಾಡತೊಡಗಿ ಎಲ್ಲ ಕೆಡಿಸಿದರು, ಕಡೆಗೆ ದೇವರಿಂದ ಬೈಸಿಕೊಂಡದ್ದೂ ಯೋಬನಲ್ಲ, ಅವರೇ.

ಇನ್ನೊಂದು ನಮೂನೆಯ ಸಮಾಧಾನವೆಂದರೆ ಕುಂಬಾರನದು. ಪ್ರವಾದಿ ಯೆರೆಮೀಯ ಕುಂಬಾರನ ಮನೆಗೆ ಹೋದದ್ದು, ತಿಗರಿಯ ಮೇಲೆ ಕೆಟ್ಟ ಪಾತ್ರೆಯನ್ನು ಅವನು ಮತ್ತೆ ಮುದ್ದೆ ಮಾಡಿ ಬೇರೆ ಪಾತ್ರೆ ಮಾಡಿದ್ದು. ‘ನಾವು ಮಣ್ಣು, ಆತ ಕುಂಬಾರ’ ಎಂದು ಪ್ರಸಂಗಿಗಳು ಹೇಳುವಾಗ ಖಾನಾಪುರದ ನನಗೆ ಸ್ವಲ್ಪ ತಕರಾರು. ಮಣ್ಣಿನ ಕೆಲಸ ಅಪ್ಪನಿಗೆ ಗೊತ್ತಿತ್ತು. ಹಸಿ ಇದ್ದಾಗ ಕೆಟ್ಟದ್ದನ್ನು ಕಲಸಿ ಮತ್ತೆ ಮಾಡಬಹುದು. ಭಟ್ಟಿಯಲ್ಲಿ ಸುಟ್ಟಮೇಲೆ ಒಡೆದದ್ದು ಮತ್ತೆ ಮಣ್ಣಾಗುವುದಿಲ್ಲ. ಯೆರೆಮೀಯನಿಗೂ ಇದು ತಿಳಿದಿತ್ತು; ಮುಂದಿನ ಅಧ್ಯಾಯದಲ್ಲಿಯೇ ಆತ ಸುಟ್ಟ ಕೂಜೆಯನ್ನು ಒಡೆದು, ಇದನ್ನು ಸರಿಮಾಡಲು ಬಾರದು ಎನ್ನುತ್ತಾನೆ. ಆ ಅಧ್ಯಾಯವನ್ನು ರೋಗಿಯ ಮನೆಯಲ್ಲಿ ಯಾರೂ ಓದುವುದಿಲ್ಲ. ಒಮ್ಮೆ ಅಪ್ಪನನ್ನು ಕೇಳಿದ್ದೆ, ಒಡೆದ ಹಂಚು ಏನು ಮಾಡ್ತೀರಿ ಅಂತ. ‘ಪುಡಿ ಮಾಡಿ ಹೊಸಾ ಮಣ್ಣಿಗೆ ಕೂಡಿಸ್ಬೇಕು. ಬರೇ ಹಸಿ ಮಣ್ಣಿದ್ರ ಒಣಗುಮುಂದ ಸೀಳ್ತದ. ಸುಟ್ಟ ಪುಡಿ ಒಳಗಿದ್ರ ತಡಕೋತದ’ ಎಂದಿದ್ದ. ಕಾರ್ಖಾನೆಯ ಮಾತು ಅದು, ವೇದಾಂತವಲ್ಲ. ಆದರೂ ಬಾಕಿನ ಮೇಲೆ ಕೂತು ಹೊಸದಾಗಿ ಬಂದ ರೋಗಿಗಳ ಹೆಂಡಂದಿರಿಗೆ ಯಾವ ಹಣ್ಣು ನಡೆಯುತ್ತದೆ, ಬಾಯಾರಿಕೆ ಹೇಗೆ ತಡೆಯಬೇಕು ಎಂದು ಹೇಳುವಾಗ ನನಗೆ ಅಪ್ಪನ ಪುಡಿ ನೆನಪಾಗುತ್ತಿತ್ತು.

ಮನೆಯವರು 2014 ರ ಫೆಬ್ರುವರಿಯಲ್ಲಿ ಹೋದರು. ಆ ರೊಕ್ಕ ಬಂದಿದ್ದರೆ ಉಳಿಯುತ್ತಿದ್ದರೆ? ಡಾಕ್ಟರರು ಇಲ್ಲವೆಂದರು. ಆದರೆ ಕೊನೆಯ ವರ್ಷ ನಾವು ವಾರಕ್ಕೆ ಮೂರರ ಬದಲು ಎರಡೇ ಸಲ ಹೋಗಿದ್ದು ರೊಕ್ಕದ ಕಾರಣಕ್ಕೆ. ಇದನ್ನು ನಾನು ಯಾವ ಡಾಕ್ಟರರಿಂದಲೂ ಕೇಳಿ ತಿಳಿಯಬೇಕಿಲ್ಲ. ಇವರ ಬಾತ ಕಾಲುಗಳನ್ನು ಒತ್ತಿದವಳು ನಾನು.

ಆಮೇಲೆ ಸುಮಾರು ಐದು ವರ್ಷ, ಸಭೆಯಲ್ಲಿ ಎಲ್ಲರೂ ಕರ್ತನ ಪ್ರಾರ್ಥನೆ ಹೇಳುವಾಗ, ಆ ಒಂದು ಮಾತು ಬಂದಲ್ಲಿ ನಾನು ಬಾಯಿ ಮುಚ್ಚಿ ನಿಲ್ಲುತ್ತಿದ್ದೆ. ಅನ್ನ ಬೇಡುವವರೆಗೆ ಎಲ್ಲರೊಂದಿಗೆ, ನಂತರ ಒಂದು ಉಸಿರು ಸುಮ್ಮನೆ, ಮತ್ತೆ ಎಲ್ಲರೊಂದಿಗೆ. ಪಕ್ಕದವರಿಗೆ ತಿಳಿಯುತ್ತಿರಲಿಲ್ಲ. ದೇವರೆದುರು ಸುಳ್ಳು ಕರಾರಿಗೆ ಸಹಿ ಹಾಕುವುದಕ್ಕಿಂತ ಜಾಗ ಖಾಲಿ ಬಿಡುವುದು ಮೇಲು ಎಂದು ನನ್ನ ಎಣಿಕೆ. ಈಗಲೂ ಅದೇ ಎಣಿಕೆ. ಕೀರ್ತನೆಗಳನ್ನು ಬರೆದವರು ವೈರಿಗಳ ಮೇಲೆ ಎಷ್ಟು ಶಾಪ ಹಾಕಿದ್ದಾರೆ ನೋಡಿ. ಅವನ್ನು ಬೈಬಲಿನಿಂದ ಯಾರೂ ತೆಗೆದುಹಾಕಲಿಲ್ಲ.

ನಾನು ಶಾಲೆಯಲ್ಲಿ ಗಣಿತ ಕಲಿಸಿದವಳು. ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಲಗಾರನ ಕಥೆಯ ಲೆಕ್ಕವನ್ನು ಒಂದು ಸಂಜೆ ಮಾಡಿ ನೋಡಿದೆ. ಅರಸನು ಒಬ್ಬ ಸೇವಕನಿಗೆ ಹತ್ತು ಸಾವಿರ ತಲಾಂತು ಬಿಟ್ಟುಕೊಡುತ್ತಾನೆ. ಆ ಸೇವಕ ಹೊರಗೆ ಬಂದು ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ದಿನಾರಿಯೆಂದರೆ ಆಗಿನ ಒಂದು ದಿನದ ಕೂಲಿ. ತಲಾಂತಿಗೆ ಸುಮಾರು ಆರು ಸಾವಿರ ದಿನಾರಿ. ಹತ್ತು ಸಾವಿರ ತಲಾಂತೆಂದರೆ ಆರು ಕೋಟಿ ದಿನಗಳ ಕೂಲಿ, ಒಂದು ಲಕ್ಷ ಅರವತ್ತು ಸಾವಿರ ವರ್ಷಕ್ಕೂ ಹೆಚ್ಚು! ಈ ಲೆಕ್ಕ ಕೇಳಿ ಎಲ್ಲರೂ ಮೊದಲ ಸಂಖ್ಯೆಗೆ ಬಾಯಿ ಬಿಡುತ್ತಾರೆ. ನನ್ನನ್ನು ಹಿಡಿದದ್ದು ಎರಡನೆಯದು. ನೂರು ದಿನದ ಕೂಲಿಯೂ ಚಿಲ್ಲರೆಯಲ್ಲ. ಮೂರು ತಿಂಗಳ ದುಡಿಮೆ, ಒಂದು ಬಡಮನೆಯ ಒಂದು ಮಳೆಗಾಲ. ನಿನಗೆ ಆದ ನಷ್ಟ ಏನೂ ಅಲ್ಲ ಎಂದು ಯೇಸು ಹೇಳಲಿಲ್ಲ. ಲೆಕ್ಕ ಇಟ್ಟೇ ಕಥೆ ಹೇಳಿದ. ಏನೂ ಆಗೇ ಇಲ್ಲ ಎನ್ನುವವರಿಗೆ ಕ್ಷಮಿಸಲು ಏನೂ ಇರುವುದಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕ್ಷಮಿಸಬೇಕೆಂಬ ಉಪದೇಶ ಯಾವಾಗಲೂ ಹೆಂಗಸರ ಕಡೆಗೇ ಜಾಸ್ತಿ ಹರಿಯುತ್ತದೆ. ಕುಡಿದು ಹೊಡೆಯುವ ಗಂಡನನ್ನು ಬಿಟ್ಟು ತವರಿಗೆ ಬಂದವಳಿಗೆ ‘ಏಳೆಪ್ಪತ್ತು ಸಾರಿ ಕ್ಷಮಿಸಬೇಕವ್ವಾ’ ಎಂದು ಬುದ್ಧಿ ಹೇಳಿ ತಿರುಗಿ ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಡೆಯುವವನಿಗೆ ಅದೇ ಅಧ್ಯಾಯದ ಮೊದಲಿನ ಭಾಗ, ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟುವ ಭಾಗವನ್ನು, ಯಾರೂ ಓದಿ ಹೇಳಿದ್ದು ಕಾಣೆ. ಕಾನೂನೂ ಬಹಳ ಕಾಲ ಹಾಗೆಯೇ ಇತ್ತು. ಕ್ರೈಸ್ತರಿಗೆ ಅನ್ವಯಿಸುವ 1869 ರ ವಿಚ್ಛೇದನ ಕಾಯಿದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಕಾರಣ ಸಾಕಿತ್ತು. ಹೆಂಡತಿ ಮಾತ್ರ ಅದರ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಅದು ತಿದ್ದುಪಡಿಯಾದದ್ದು 2001 ರಲ್ಲಿ! ನಮ್ಮ ಅವ್ವ ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಅವಳ ಮಾತು ನನಗೆ ಹೆಚ್ಚು ಸರಿಕಾಣುತ್ತದೆ: ‘ಕಳ್ಳನ್ನ ಕ್ಷಮಿಸು, ತಿಜೋರಿ ಕೀಲಿ ಅವನ ಕೈಯಾಗ ಕೊಡಬ್ಯಾಡ.’

ಇಂದೋರದ ಸಿಸ್ಟರ್ ರಾಣಿ ಮರಿಯಾ ಅವರ ಸಂಗತಿ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಕೇರಳದ ಪುಲ್ಲುವಳಿಯವರು, ಮಧ್ಯಪ್ರದೇಶದ ಬಡ ಕೂಲಿಕಾರರು ಸಾಹುಕಾರರ ಬಡ್ಡಿಯಿಂದ ಬಿಡಿಸಿಕೊಳ್ಳುವಂತೆ ದುಡಿದ ಸನ್ಯಾಸಿನಿ. 1995 ರ ಫೆಬ್ರುವರಿ 25 ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಸಮಂದರ್ ಸಿಂಗ್ ಎಂಬವನು ಎಲ್ಲರೆದುರಿಗೇ ಅವರನ್ನು ಇರಿದು ಕೊಂದ. 2002 ರಲ್ಲಿ ಅವರ ತಂಗಿ, ತಾನೂ ಸನ್ಯಾಸಿನಿಯಾದ ಸಿಸ್ಟರ್ ಸೆಲ್ಮಿ, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಮನೆಯವರು ಅವನ ಬಿಡುಗಡೆಗೆ ಒಪ್ಪಿಗೆ ಕೊಟ್ಟರು. 2006 ರಲ್ಲಿ ಹೊರಗೆ ಬಂದ. ಆಮೇಲೆ ಕೇರಳಕ್ಕೆ ಹೋಗಿ ಆ ವೃದ್ಧ ತಾಯಿಯ ಕಾಲಿಗೆ ಬಿದ್ದ. 2017 ರ ನವೆಂಬರ್ 4 ರಂದು ಇಂದೋರದಲ್ಲಿ ಆಕೆಯನ್ನು ‘ಧನ್ಯೆ’ ಎಂದು ಸಾರಿದರು. ನಾನು ಗಮನಿಸಿದ್ದು ವರ್ಷಗಳನ್ನು. ಕೊಲೆಗೂ ರಾಖಿಗೂ ನಡುವೆ ಏಳು ವರ್ಷ. ಒಬ್ಬ ಸನ್ಯಾಸಿನಿಗೂ ಏಳು ವರ್ಷ ಬೇಕಾಯಿತು, ಮತ್ತು ಅಷ್ಟೂ ವರ್ಷ ಆತ ಜೈಲಿನಲ್ಲಿಯೇ ಇದ್ದ.

2019 ರ ಆಗಸ್ಟಿನ ಮೊದಲ ವಾರ ಬೆಳಗಾವಿ ಜಿಲ್ಲೆಗೆ ಬಂದ ನೆರೆಯನ್ನು ಮರೆಯುವಂತಿಲ್ಲ. ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದವು. ನೀರು ಇಳಿದು ದಾರಿ ತೆರೆದ ಮೇಲೆ ನಮ್ಮ ಸ್ತ್ರೀಯರ ಕೂಟದವರು ಒಂದು ಟೆಂಪೊ ಮಾಡಿಕೊಂಡು ಚಾದರ, ಅಕ್ಕಿ, ಮೇಣಬತ್ತಿ, ಕಡ್ಡಿಪೆಟ್ಟಿಗೆ, ಹೆಂಗಸರಿಗೆ ಬೇಕಾದ ಬಟ್ಟೆಬರೆ ಕಟ್ಟಿಕೊಂಡು ಹೋದೆವು. ಜನರನ್ನು ಒಂದು ಶಾಲೆಯಲ್ಲಿ ಇರಿಸಿದ್ದರು. ಸಾಲಿನಲ್ಲಿ ಅವನೂ ನಿಂತಿದ್ದ. ಮೀಸೆ ಬೆಳ್ಳಗಾಗಿತ್ತು. ಅವನ ಭಟ್ಟಿ ನೆರೆಗಿಂತ ಎಷ್ಟೋ ಮೊದಲೇ ಮುಳುಗಿತ್ತೆಂದು ನನಗೆ ಗೊತ್ತಿತ್ತು. ಅವನ ಸರದಿ ಬಂತು. ಎಲ್ಲರಿಗೂ ಕೊಟ್ಟಂತೆ ಒಂದು ಚಾದರ, ಒಂದು ಗಂಟು ಅವನ ಕೈಯಲ್ಲಿಟ್ಟೆ.

‘ಅಕ್ಕಾ, ನಿನ್ನ ರೊಕ್ಕ...’ ಎಂದ.

‘ಮೊದ್ಲ ಆ ಕಡೆ ಹೋಗಿ ಚಾ ಕುಡಿ. ಹಿಂದ ಮಂದಿ ನಿಂತಾರ’ ಎಂದೆ.

ಅಷ್ಟೇ ಆದದ್ದು. ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಆದರೆ ಎಂಟು ವರ್ಷಗಳ ಹಿಂದೆ ‘ಯಾವ ರೊಕ್ಕ’ ಎಂದವನ ಬಾಯಲ್ಲಿ ‘ನಿನ್ನ ರೊಕ್ಕ’ ಎಂಬ ಮಾತು ಬಂದಿತ್ತು. ಟೆಂಪೊದಲ್ಲಿ ತಿರುಗಿ ಬರುವಾಗ ನಾನು ಅದನ್ನೇ ಮತ್ತೆಮತ್ತೆ ಕೇಳಿಸಿಕೊಂಡೆ. ಆ ಭಾನುವಾರ ಪ್ರಾರ್ಥನೆಯಲ್ಲಿ ಆ ಮಾತು ಬಾಯಿಂದ ಹೊರಟುಹೋಯಿತು, ಹೋದ ಮೇಲೆ ನನಗೆ ತಿಳಿಯಿತು. ಮುಂದಿನ ಭಾನುವಾರ ಮತ್ತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಏಳೆಪ್ಪತ್ತು ಸಾರಿ ಎಂದರೆ ನಾನೂರ ತೊಂಬತ್ತು ಬೇರೆ ಬೇರೆ ತಪ್ಪುಗಳಿಗೆ ಎಂದು ತಿಳಿದುಕೊಂಡಿದ್ದೆ. ಒಂದೇ ತಪ್ಪಿಗೆ ಅಷ್ಟು ಸಲ ಬೇಕಾದೀತು.

ಆ ಚೀಟಿಯನ್ನು ಹರಿದು ಹಾಕಿದಿರಾ ಎಂದು ಕೂಟದ ಹುಡುಗಿಯೊಬ್ಬಳು ಕೇಳಿದಳು. ಇಲ್ಲ. ಹರಿಯುವುದು ಸಿನಿಮಾದಲ್ಲಿ ಚಂದ. ಅದು ನನ್ನ ಬೈಬಲಿನಲ್ಲಿ ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿಯೇ ಇದೆ, ಮಡಿಕೆಯಲ್ಲಿ ಹಳದಿಗಟ್ಟಿದೆ.

ಅವನು 2021 ರ ಮೇ ತಿಂಗಳಲ್ಲಿ ಕೊರೋನಾದ ಎರಡನೆಯ ಅಲೆಯಲ್ಲಿ ತೀರಿಕೊಂಡ. ಲಾಕ್‌ಡೌನ್ ಇತ್ತು, ಮಣ್ಣಿಗೆ ಹೋಗಲಾಗಲಿಲ್ಲ. ಮನೆಯಲ್ಲಿಯೇ ಕೂತು, ಅವನು ಚಿಕ್ಕವನಿದ್ದಾಗ ಕಲಿಸಿದ ಒಂದು ಹಾಡನ್ನು ಮೆಲ್ಲಗೆ ಹೇಳಿಕೊಂಡೆ.

ಮರುವರ್ಷದಿಂದ ನನ್ನ ಫೋನಿಗೆ ತಿಂಗಳಿಗೊಮ್ಮೆ ಎರಡು ಸಾವಿರ ರೂಪಾಯಿ ಬರತೊಡಗಿತು. ಕಳಿಸುವವಳು ಅವನ ಮಗಳು, ಓದಿ ನರ್ಸಾಗಿದ್ದಾಳೆ. ಒಂದು ಸಾಲು ಬರೆದಿರಲಿಲ್ಲ. ಬಿಟ್ಟ ಸಾಲವನ್ನು ತೆಗೆದುಕೊಳ್ಳಬಹುದೇ? ಎರಡು ತಿಂಗಳು ತಲೆ ಕೆಡಿಸಿಕೊಂಡೆ, ಆಮೇಲೆ ಅವಳಿಗೇ ಫೋನು ಮಾಡಿದೆ. ‘ಅತ್ತೀ, ಬ್ಯಾಡ ಅನ್ನಬ್ಯಾಡ್ರಿ. ಅಪ್ಪ ಹೋಗುಮುಂದ ನಿಮ್ಮ ಹೆಸರು ತಗೊಂಡಿದ್ದ’ ಎಂದಳು. ನಾನು ಬೇಡ ಅನ್ನಲಿಲ್ಲ. ನನ್ನ ಲೆಕ್ಕ ನಾನು ಮುಗಿಸಿರಬಹುದು, ಅವಳ ಲೆಕ್ಕ ಮುಗಿಸಬೇಕಾದವಳು ಅವಳು; ಬೇಡವೆಂದು ಅವಳ ಮೇಲೆ ದೊಡ್ಡತನ ತೋರಿಸುವುದು ನನಗೆ ಸರಿಕಾಣಲಿಲ್ಲ. ಆ ರೊಕ್ಕ ನಮ್ಮ ಓಣಿಯ ಹಿಂದೆ ಇರುವ ಒಬ್ಬ ಹೆಣ್ಣುಮಗಳ ಆಟೋ ಬಾಡಿಗೆಗೆ ಹೋಗುತ್ತದೆ. ಆಕೆ ಗಂಡನನ್ನು ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್ಸಿಗೆ ಕರೆದೊಯ್ಯುತ್ತಾಳೆ.

ಈ ತಿಂಗಳಿನದು ಇನ್ನೂ ಬಂದಿಲ್ಲ. ಖಾನಾಪುರದಲ್ಲಿ ಮಳೆ ಹಿಡಿದಿದೆ ಎನ್ನುತ್ತಾರೆ, ಕರೆಂಟು ಇರಲಿಕ್ಕಿಲ್ಲ. ಆಟೋದವನಿಗೆ ನಾನೇ ಕೊಟ್ಟು ಬಂದೆ.